ಮೇಲೆ ಸಂಪಿಗೆ, ಕೆಳಗೆ ಹಾವಸೆ

ಮಳೆ ಈಗಷ್ಟೇ ನಿಂತಿದೆ. ಸಂಪಿಗೆ ಮರದಡಿ ನಿಂತವರ ಕಣ್ಣು ಹೂವಿಗಾಗಿ ಮೇಲಕ್ಕೇ ಹೋಗುತ್ತದೆ. ಒಮ್ಮೆ ಪಕ್ಕದ ಒದ್ದೆ ಗೋಡೆಯನ್ನೂ ನೋಡಿ. ಹಸಿರು ಮಖಮಲ್ಲಿನಂತೆ ಹಬ್ಬಿದೆಯಲ್ಲ, ಅದು ಫ್ಯುನೇರಿಯಾ ಎಂಬ ಹಾವಸೆ.

ಸಂಪಿಗೆಗೆ ಬೇರುಂಟು, ನೀರನ್ನು ತುದಿಯೆಲೆಗೆ ಏರಿಸುವ ಕೊಳವೆಗಳುಂಟು. ಹಾಗಾಗಿ 30 ಮೀಟರ್ ಎತ್ತರಕ್ಕೂ ಬೆಳೆಯಬಲ್ಲದು. ಹಾವಸೆಗೆ ನಿಜವಾದ ಬೇರೇ ಇಲ್ಲ. ಗೋಡೆ ಹಿಡಿಯಲು ನೂಲಿನಂಥ ಎಳೆಗಳಷ್ಟೇ. ಎಲೆಯ ದಪ್ಪವೋ, ನಡುನರ ಬಿಟ್ಟರೆ ಒಂದೇ ಒಂದು ಜೀವಕೋಶ!

ಸಂಪಿಗೆಯ ಹತ್ತಿರ ದುಂಬಿ ಸುಳಿಯದು ಎಂಬುದು ಹಳೆಯ ಕವಿಗಳ ನಂಬಿಕೆ. ಆದರೆ ಪುಟ್ಟ ಜೀರುಂಡೆಗಳು ಬರುತ್ತವೆ, ಪರಾಗ ಹೊರುತ್ತವೆ. ಹಾವಸೆಗೆ ಆ ನೆರವಿಲ್ಲ. ಅದರ ಗಂಡು ಕೋಶ ನೀರಿನಲ್ಲಿ ಈಜಿಯೇ ಹೆಣ್ಣು ಕೋಶವನ್ನು ಮುಟ್ಟಬೇಕು. ಗೋಡೆಯ ಮೇಲಿನ ಮಳೆನೀರೇ ಅದಕ್ಕೆ ಹೊಳೆ.

ನನಗೆ ತುಂಬ ಇಷ್ಟವಾದದ್ದು ಮುಂದಿನದು. ಕೂದಲಿನಂಥ ದಂಟು, ಅದರ ತುದಿಯಲ್ಲಿ ಬಾಗಿದ ಪುಟ್ಟ ಕುಡಿಕೆ. ಕುಡಿಕೆಯ ಬಾಯಿಗೆ ಎರಡು ಸುತ್ತು ಹಲ್ಲು, ಸುತ್ತಿಗೆ 16. ಗಾಳಿ ಒಣಗಿದರೆ, ತೇವವಾದರೆ ದಂಟು ತಿರುಚುತ್ತದೆ, ಬಿಚ್ಚಿಕೊಳ್ಳುತ್ತದೆ. ಹಲ್ಲುಗಳ ಸಂದಿನಿಂದ ಬೀಜಾಣುಗಳು ದೂಳಿನಂತೆ ಗಾಳಿಗೆ ಸೇರುತ್ತವೆ.

ಮೇಲೆ, ಸಂಪಿಗೆಯ ಕಾಯಿ ಬಿರಿದಾಗ ಕೆಂಪು ಬೀಜಕ್ಕೆ ಹಕ್ಕಿ ಬರುತ್ತದೆ.