ರಾಸುವನ್ನು ಕೆಡಹುವ ಹದ

ಚಿಕಿತ್ಸೆಗಾಗಿ ಹಸುವನ್ನು ನೆಲಕ್ಕೆ ಕೆಡಹುವುದು ಕೇವಲ ಬಾಹುಬಲದ ಕಾರ್ಯವೆಂದು ಭಾವಿಸಿ ನಾಲ್ಕಾರು ಮಂದಿ ಕೊಂಬು ಬಾಲಗಳಿಗೆ ಜೋತುಬೀಳುವ ದೃಶ್ಯ ನಮ್ಮ ಹಳ್ಳಿಗಳಲ್ಲಿ ಅಪರೂಪವೇನಲ್ಲ. ವಸ್ತುತಃ ಅದಕ್ಕೆ ಬೇಕಾದುದು ಉದ್ದನೆಯ ಒಂದು ಹಗ್ಗ, ಮೆತ್ತನೆಯ ನೆಲ, ಅಷ್ಟಿಷ್ಟು ತಾಳ್ಮೆ. ಪಶುವೈದ್ಯರು ರ್ಯೂಫ್ ಪದ್ಧತಿಯೆಂದು ಕರೆಯುವ ಕ್ರಮದಲ್ಲಿ, ಕೊರಳಿಗೆ ಉರುಳಾಗಿ ಬಿಗಿಯದಂತಹ ಗಂಟು ಹಾಕಿ, ಅದೇ ಹಗ್ಗವನ್ನು ಮುಂಗಾಲುಗಳ ಹಿಂದೆ ಎದೆಗೊಂದು ಸುತ್ತು, ಕೆಚ್ಚಲಿನ ಮುಂದೆ ಹೊಟ್ಟೆಗೊಂದು ಸುತ್ತು ತಂದು, ಒಬ್ಬನು ತಲೆಯನ್ನು ಹಿಡಿದಿರಲು ಇಬ್ಬರು ಹಿಂದಕ್ಕೆ ಒಂದೇ ಸಮನೆ ಜಗ್ಗಿದರೆ, ಎಂತಹ ಭಾರಿ ರಾಸೂ ಕಾಲು ಮಡಿಸಿ ಮೆಲ್ಲನೆ ಒರಗುವುದು. ಎಡಪಾರ್ಶ್ವದಲ್ಲಿರುವ ಮೊದಲ ಜಠರವು ಅದುಮಿಹೋಗಿ ಹೊಟ್ಟೆಯುಬ್ಬರವಾಗದಂತೆ ಬಲಮಗ್ಗುಲಿಗೆ ಮಲಗಿಸುವುದು ಕ್ಷೇಮ. ತುಂಬುಗಬ್ಬದ ಹಸುವಿಗಂತೂ ಈ ಉಪಾಯವೇ ಕೂಡದು. ಅದನ್ನು ಪಶುವೈದ್ಯಶಾಲೆಯ ಕಂಬಗಳ ಚೌಕಟ್ಟಿನೊಳಗೆ ನಿಲ್ಲಿಸಿಯೇ ಶುಶ್ರೂಷೆ ಮಾಡತಕ್ಕದ್ದು.