ಸಸ್ಯಜನ್ಯ ಕೀಟನಾಶಕಗಳ ಸಹವರ್ಧಕಗಳು

ಸಹವರ್ಧಕಗಳು ಸಸ್ಯಜನ್ಯ ಕೀಟನಾಶಕಗಳ ಪರಿಣಾಮವನ್ನು ಹೆಚ್ಚಿಸಲು ಅವುಗಳೊಡನೆ ಬೆರೆಸುವ ಪದಾರ್ಥಗಳು. ಬೆಳೆಗಳ ರಸ ಹೀರಿ ವೈರಸ್ ರೋಗಗಳನ್ನು ಹರಡುವ ಸಸ್ಯಹೇನುಗಳ ಹತೋಟಿಯಲ್ಲಿ ಇವು ಬಳಕೆಯಲ್ಲಿವೆ.

ಸೇವಂತಿಗೆಯ ಕುಟುಂಬಕ್ಕೆ ಸೇರಿದ ಪೈರೆತ್ರಮ್ ಹೂಗಳಿಂದ ದೊರೆಯುವ ಪೈರೆತ್ರಿನ್‌ಗಳು ಕೀಟಗಳ ನರಮಂಡಲವನ್ನು ಬಾಧಿಸುತ್ತವೆ. ಆದರೆ ಕೀಟದ ದೇಹದ ಕಿಣ್ವಗಳು ಅವನ್ನು ವಿಘಟಿಸುವುದರಿಂದ, ಕೆಳಗುರುಳಿದ ಕೀಟ ಚೇತರಿಸಿಕೊಳ್ಳಬಹುದು. ಎಳ್ಳೆಣ್ಣೆ ಬೆರೆಸಿದರೆ ಇವುಗಳ ಪ್ರಭಾವ ಹೆಚ್ಚುವುದೆಂದು 1940ರಲ್ಲಿ ತಿಳಿದುಬಂತು. ಎಣ್ಣೆಯಲ್ಲಿರುವ ಸೆಸಮಿನ್ ಮತ್ತು ಸೆಸಮೊಲಿನ್ ಇದಕ್ಕೆ ಕಾರಣ. ಅನಂತರ ಬಂದ ಪೈಪೆರೊನಿಲ್ ಬ್ಯುಟಾಕ್ಸೈಡ್ ಆ ಕಿಣ್ವಗಳನ್ನು ತಡೆಯುವುದರಿಂದ ಕಡಿಮೆ ಪ್ರಮಾಣದ ಪೈರೆತ್ರಿನ್ ಸಾಕಾಗುತ್ತದೆ.

ಬೇವಿನ ಎಣ್ಣೆಯು ನೀರಿನಲ್ಲಿ ಬೆರೆಯದ ಕಾರಣ ಅದಕ್ಕೆ ಸಾಬೂನಿನ ದ್ರಾವಣವನ್ನು ಸೇರಿಸುತ್ತಾರೆ. ಸಸ್ಯಹೇನುಗಳು ಹೆಚ್ಚಾಗಿ ಎಲೆಯ ತಳಭಾಗದಲ್ಲಿರುವುದರಿಂದ ಅಲ್ಲಿಗೂ ಸಿಂಪಡಿಸಬೇಕು. ಸಹವರ್ಧಕ ಬೆರೆತ ಪೈರೆತ್ರಿನ್, ಸಸ್ಯಹೇನುಗಳನ್ನು ತಿನ್ನುವ ಗುಲಗಂಜಿ ಹುಳುಗಳನ್ನೂ ಕೊಲ್ಲಬಲ್ಲದು.