ನೆಪಗಳೂ ಬೀಡುಬಿಡುತ್ತವೆ

ಹೊಸ ಮನೆಗೆ ಬಂದು ವಾರವಾಗಿದೆ. ಮಂಚ ಇನ್ನೂ ಬಂದಿಲ್ಲ, ಹಾಸಿಗೆ ನೆಲದ ಮೇಲಿದೆ. ಒಂದು ಲೋಟ ಬೇಕೆಂದರೆ ನಾಲ್ಕು ರಟ್ಟಿನ ಪೆಟ್ಟಿಗೆ ತಡಕಬೇಕು. ಇಂಥ ಸಂಸಾರವನ್ನು ಇಟಲಿಯವರು ‘ಅಕ್ಕಾಂಪಾತಿ’ ಎನ್ನುತ್ತಾರೆ, ಬೀಡುಬಿಟ್ಟವರು ಎಂದು. ಡೇರೆ ಇಲ್ಲದಿದ್ದರೂ ಡೇರೆಯ ಪಾಡು!

ಇದರ ಮೂಲ ‘ಅಕ್ಕಾಂಪಾರೆ’ ಎಂಬ ಕ್ರಿಯಾಪದ. ಅದರ ಒಳಗಿರುವುದು ‘ಕಾಂಪೊ’, ಅಂದರೆ ಬಯಲು, ಲ್ಯಾಟಿನ್ನಿನಲ್ಲಿ ‘ಕಾಂಪುಸ್’. ಪ್ರಾಚೀನ ರೋಮ್‌ನಲ್ಲಿ ಟೈಬರ್ ನದಿಯ ಪಕ್ಕದ ಬಯಲಿಗೆ ಯುದ್ಧದೇವತೆ ಮಾರ್ಸ್‌ನ ಹೆಸರಿತ್ತು. ಸೈನಿಕರ ಕವಾಯತು ಅಲ್ಲೇ, ಮತದಾನವೂ ಅಲ್ಲೇ. ಮುಂದೆ ಇಟಾಲಿಯನ್ನಿನಲ್ಲಿ ಸೇನೆ ತಂಗುವ ಜಾಗವೂ ಕಾದಾಡುವ ಜಾಗವೂ ‘ಕಾಂಪೊ’ ಆದವು. ದಂಡನ್ನು ಬಯಲಿಗೆ ತಂದು ಇಳಿಸುವುದೇ ‘ಅಕ್ಕಾಂಪಾರೆ’.

ದಂಡನ್ನು ಇಳಿಸಬಹುದಾದರೆ ನೆಪವನ್ನೇಕೆ ಇಳಿಸಬಾರದು? ತಡವಾಗಿ ಬಂದವನು ರೈಲು, ಮಳೆ, ತಲೆನೋವು ಎಂದು ಒಂದೊಂದನ್ನೇ ಮುಂದೊಡ್ಡಿದರೆ, ಅವನು ನೆಪಗಳನ್ನು ‘ಅಕ್ಕಾಂಪಾರೆ’ ಮಾಡುತ್ತಿದ್ದಾನೆ ಎನ್ನುತ್ತಾರೆ. ಆಸ್ತಿಯ ಮೇಲೆ ಹಕ್ಕು ಸಾಧಿಸಲು ಹೊರಟವರಿಗೂ ಇದೇ ಮಾತು. ಹಕ್ಕು ಗಟ್ಟಿಯಾಗಿರಲೇಬೇಕೆಂದಿಲ್ಲ.

ರಜೆಯಲ್ಲಿ ಡೇರೆ ಹಾಕುವವರಿಗೆ ಬೇರೆ ಪದವಿದೆ: ‘ಕಾಂಪೆಜ್ಜಾರೆ’. ಆದರೆ ಅದೂ ಡೇರೆಯಲ್ಲೇ ಉಳಿಯಲಿಲ್ಲ. ವಂಶಲಾಂಛನದ ಗುರಾಣಿಯಲ್ಲಿ ಚಿತ್ರದ ಹಿಂದಿನ ಬಣ್ಣದ ಹರವೂ ‘ಕಾಂಪೊ’ವೇ, ವರ್ಣಚಿತ್ರದ ಹಿನ್ನೆಲೆಯೂ ಅದೇ. ಹಾಗಾಗಿ ಅರಮನೆಯ ಗೋಡೆಯ ಮೇಲೆ ಎದ್ದು ಕಾಣುವ ಲಾಂಛನವೂ ‘ಕಾಂಪೆಜ್ಜಾ’. ಬಯಲಲ್ಲಿ ಒಂಟಿ ಡೇರೆ ಕಂಡಂತೆ.

ಈ ‘ಕಾಂಪೊ’ ಕನ್ನಡಕ್ಕೂ ಬಂದಿದೆ. ಇಟಲಿಯಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ, ದಂಡಿನ ಜೊತೆ ನಮ್ಮಲ್ಲಿಗೆ. ಬೆಳಗಾವಿಯ ದಂಡುಪ್ರದೇಶ ಇಂದಿಗೂ ಜನರ ಬಾಯಲ್ಲಿ ‘ಕ್ಯಾಂಪ್’. ಕಚೇರಿಯ ಜವಾನ “ಸಾಹೇಬ್ರು ಕ್ಯಾಂಪ್‌ನಲ್ಲಿದ್ದಾರೆ” ಎಂದರೆ ಡೇರೆ ಹುಡುಕಿಕೊಂಡು ಹೋಗುವವರಿಲ್ಲ. ಪರಸ್ಥಳಕ್ಕೆ ಹೋಗಿದ್ದಾರೆ ಎಂದಷ್ಟೇ ಅರ್ಥ. ಹಾಗೆ ನೋಡಿದರೆ ನೆಂಟ ಬಂದು ‘ಝಾಂಡಾ ಊರಿದ’ ಎನ್ನುವ ನಮಗೆ ಇಟಲಿಯವರ ಮಾತು ತೀರಾ ಹೊಸದೇನಲ್ಲ.

ಸಿಂಧನೂರು, ಗಂಗಾವತಿ ಕಡೆಯಂತೂ ಕ್ಯಾಂಪ್ ಎಂದರೆ ಊರು. ತುಂಗಭದ್ರಾ ಕಾಲುವೆಯ ನೀರು ನಂಬಿ ಆಂಧ್ರದಿಂದ ಬಂದ ರೈತರು ನೆಲೆನಿಂತ ಜಾಗಗಳವು. ಡೇರೆ ಕಿತ್ತು ಹೋಗುವ ಮಾತೇ ಇಲ್ಲ. ಮನೆ, ಗುಡಿ, ಭತ್ತದ ಗದ್ದೆ ಎಲ್ಲ ಎದ್ದಿವೆ. ಹೆಸರಿನ ತುದಿಯಲ್ಲಿ ಮಾತ್ರ ‘ಕ್ಯಾಂಪ್’ ಹಾಗೇ ಕೂತಿದೆ.